ಕೊರಳಿನ ಗ್ರಂಥಿಯೂ ಕಾಯಕದ ಕಸುವೂ

ಇಷ್ಟಲಿಂಗದ ಕರಡಿಗೆಯನ್ನು ಹೊತ್ತ ಶಿವದಾರವು ತಮ್ಮ ಕೊರಳಿನ ಇಕ್ಕೆಲಗಳಲ್ಲಿ ಇಳಿದು ಎದೆಯ ಮೇಲೆ ಕೂಡುತ್ತದೆ. ಆ ದಾರದ ಎರಡು ಎಳೆಗಳ ನಡುವೆ, ಕೊರಳಿನ ಬುಡದ ತಗ್ಗಿಗಿಂತ ತುಸು ಮೇಲೆ, ಚರ್ಮದ ಹಾಗೂ ತೆಳುವಾದ ಸ್ನಾಯುಗಳ ಮರೆಯಲ್ಲಿ ಒಂದು ಗ್ರಂಥಿಯಿದೆ. ತೂಕದಲ್ಲಿ ಅದು ಸುಮಾರು ೧೫ರಿಂದ ೨೫ ಗ್ರಾಂ. ಒಂದು ದೊಡ್ಡ ನೆಲ್ಲಿಕಾಯಿಯಷ್ಟೂ ಇರಲಾರದು. ಥೈರಾಯ್ಡ್ ಎಂಬ ಅದರ ಹೆಸರು ಈಗ ಹಳ್ಳಿಯ ಮನೆಗಳಲ್ಲಿಯೂ ಕೇಳಿಬರುತ್ತದೆ. ಈ ತಿಂಗಳು ತತ್ತ್ವವಿಚಾರವನ್ನು ಬದಿಗಿರಿಸಿ ಅದನ್ನು ಕುರಿತು ಬರೆಯಲು ಕಾರಣವಿದೆ. ಮಠಕ್ಕೆ ಬರುವ ಭಕ್ತರಲ್ಲಿ, ಅದರಲ್ಲಿಯೂ ತಾಯಂದಿರಲ್ಲಿ, ಅನೇಕರು "ಮೈಯಲ್ಲಿ ಕಸುವೇ ಇಲ್ಲ ಬುದ್ಧಿ" ಎಂದು ಹೇಳಿಕೊಳ್ಳುತ್ತಾರೆ. ಅವರ ಹಿಂದೆ ನಿಂತ ಮನೆಯವರು "ಕಸುವಿಲ್ಲದೆ ಏನು, ಮನಸ್ಸಿಲ್ಲ ಅಷ್ಟೆ" ಎನ್ನುತ್ತಾರೆ. ಕಾಯಕವನ್ನೇ ಧರ್ಮದ ಉಸಿರೆಂದು ನಂಬಿದ ಸಮಾಜ ನಮ್ಮದು. ಇಲ್ಲಿ ಸೋಮಾರಿ ಎಂಬ ಮಾತಿಗಿಂತ ಕಠಿಣವಾದ ನಿಂದೆಯಿಲ್ಲ. ಆ ನಿಂದೆಯನ್ನು ಹೊತ್ತವರಲ್ಲಿ ಎಷ್ಟೋ ಮಂದಿ ಸೋಮಾರಿಗಳಲ್ಲ, ರೋಗಿಗಳು ಎಂಬುದನ್ನು ತಮಗೆ ತಿಳಿಸಬೇಕಾಗಿದೆ.

ಮೊದಲು ಗ್ರಂಥಿಯ ಸ್ವರೂಪವನ್ನು ನೋಡೋಣ. ೧೬೫೬ರಲ್ಲಿ ಥಾಮಸ್ ವಾರ್ಟನ್ ಎಂಬ ಆಂಗ್ಲ ವೈದ್ಯನು ದೇಹದ ಗ್ರಂಥಿಗಳನ್ನೆಲ್ಲ ವಿವರಿಸುವ ಪುಸ್ತಕವೊಂದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು, ಇದಕ್ಕೆ ಈ ಹೆಸರನ್ನಿತ್ತನು. ಗ್ರೀಕರ ಭಾಷೆಯಲ್ಲಿ ಗುರಾಣಿಗೆ ಇರುವ ಶಬ್ದದಿಂದ ಬಂದ ಹೆಸರಿದು. ಕೊರಳಿಗೆ, ವಿಶೇಷವಾಗಿ ಸ್ತ್ರೀಯರ ಕೊರಳಿಗೆ, ದುಂಡನೆಯ ಅಂದವನ್ನು ಕೊಡುವುದು ಇದರ ಉಪಯೋಗಗಳಲ್ಲಿ ಒಂದೆಂದು ಅವನು ಎಣಿಸಿದ್ದನು. ಉಪಯೋಗ ತಿಳಿಯದ ವಸ್ತುವಿಗೆ ಅಲಂಕಾರದ ಕೆಲಸವನ್ನು ಹಚ್ಚುವುದು ಪಂಡಿತರ ಹಳೆಯ ರೂಢಿ. ಆಕಾರದಲ್ಲಿ ಇದು ಗುರಾಣಿಗಿಂತ ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯನ್ನೇ ಹೆಚ್ಚು ಹೋಲುತ್ತದೆ. ಶ್ವಾಸನಾಳದ ಎಡಬಲಗಳಲ್ಲಿ ಒಂದೊಂದು ಹಾಲೆ; ಒಂದೊಂದೂ ಉದ್ದದಲ್ಲಿ ನಾಲ್ಕೈದು ಸೆಂಟಿಮೀಟರು. ಅವೆರಡನ್ನೂ ಜೋಡಿಸುವ ಕಿರಿದಾದ ಪಟ್ಟಿಯೊಂದು ನಾಳದ ಮುಂಭಾಗದಲ್ಲಿ ಅಡ್ಡಲಾಗಿ ಹಾಯ್ದಿದೆ. ಗ್ರಂಥಿಯು ಶ್ವಾಸನಾಳಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಾವು ಗುಟುಕು ನುಂಗಿದಾಗಲೆಲ್ಲ ಮೇಲಕ್ಕೇರಿ ಕೆಳಗಿಳಿಯುತ್ತದೆ. ಕೊರಳಿನ ಬಾವನ್ನು ಪರೀಕ್ಷಿಸುವ ವೈದ್ಯರು ಒಂದು ಲೋಟ ನೀರು ಕೊಟ್ಟು "ನುಂಗಿ" ಎನ್ನುವುದರ ಮರ್ಮವಿದು. ಬಾವು ನುಂಗುವಾಗ ಚಲಿಸಿದರೆ ಅದು ಈ ಗ್ರಂಥಿಯದೆಂದು ಬಹುಮಟ್ಟಿಗೆ ತಿಳಿಯಬಹುದು.

ಅದರ ಬೆನ್ನಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಉಪಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವುದು ಅವುಗಳ ಕೆಲಸ. ಹಾಲೆಗಳ ಹಿಂದೆಯೇ ನಮ್ಮ ಧ್ವನಿಯನ್ನು ಆಳುವ ನರಗಳು ಹಾದುಹೋಗುತ್ತವೆ. ಆದ್ದರಿಂದ ಇಲ್ಲಿ ಕತ್ತಿಯಾಡಿಸುವ ಶಸ್ತ್ರವೈದ್ಯನ ಕೈ ಬಹಳ ನಿಧಾನವಾಗಿರಬೇಕು. ಇನ್ನೊಂದು ಸಂಗತಿ ನಮಗೆ ಯಾವಾಗಲೂ ಸೋಜಿಗವನ್ನುಂಟುಮಾಡಿದೆ. ಗರ್ಭಸ್ಥ ಪಿಂಡದಲ್ಲಿ ಈ ಗ್ರಂಥಿಯು ಹುಟ್ಟುವುದು ಕೊರಳಿನಲ್ಲಲ್ಲ, ನಾಲಗೆಯ ಬುಡದಲ್ಲಿ. ಅಲ್ಲಿಂದ ಕೆಳಗಿಳಿದು ಏಳನೆಯ ವಾರದ ಹೊತ್ತಿಗೆ ತನ್ನ ಸ್ಥಾನವನ್ನು ಸೇರುತ್ತದೆ. ಹೊರಟ ಸ್ಥಳದ ಗುರುತಾಗಿ ನಾಲಗೆಯ ಹಿಂಭಾಗದಲ್ಲಿ ಒಂದು ಸಣ್ಣ ಕುಳಿ ನಮ್ಮೆಲ್ಲರಲ್ಲಿಯೂ ಉಳಿದಿದೆ.

ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯುವುದು ಒಳ್ಳೆಯದು. ವಿಶುದ್ಧಿಚಕ್ರವೆಂದರೆ ಈ ಗ್ರಂಥಿಯೇ ಎಂದು ಬರೆಯುವ ಯೋಗದ ಪುಸ್ತಕಗಳು ಈಗ ಹೇರಳವಾಗಿ ಬರುತ್ತಿವೆ. ನಮ್ಮ ಷಟ್‌ಸ್ಥಲ ಶಾಸ್ತ್ರವೂ ವಿಶುದ್ಧಿಯನ್ನು ಕೊರಳಿನ ಎಡೆಯಲ್ಲಿಯೇ ಹೇಳಿ, ಅಲ್ಲಿ ಪ್ರಸಾದಲಿಂಗವನ್ನು ನೆಲೆಗೊಳಿಸುತ್ತದೆ. ಆದರೆ ಅದು ಧ್ಯಾನದ ಭೂಮಿಕೆ, ಇದು ಮಾಂಸದ ಗ್ರಂಥಿ. ಒಂದನ್ನು ಮತ್ತೊಂದರ ಅನುವಾದವೆಂದು ಹೇಳುವುದರಿಂದ ಶಾಸ್ತ್ರಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ. ಕೊರಳಿನಲ್ಲಿ ಗಂಟು ಕಂಡವರು ಚಕ್ರಶುದ್ಧಿಯೆಂದು ಪ್ರಾಣಾಯಾಮಕ್ಕೆ ಕುಳಿತು ಒಂದು ವರ್ಷವನ್ನು ಕಳೆದುಕೊಂಡುದನ್ನು ನಾವು ಬಲ್ಲೆವು.

ಈ ಗ್ರಂಥಿಯು ಮಾಡುವ ಕೆಲಸವೇನು? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ದುಂಡನೆಯ ಗೂಡುಗಳು ಕಾಣುತ್ತವೆ. ಗೂಡಿನ ಗೋಡೆ ಒಂದೇ ಸಾಲು ಜೀವಕೋಶಗಳದು. ಒಳಗೆ ಅಂಟಾದ ರಸ. ಈ ಜೀವಕೋಶಗಳು ರಕ್ತದಲ್ಲಿ ಅತ್ಯಲ್ಪವಾಗಿ ತೇಲಿಬರುವ ಅಯೋಡಿನ್ನನ್ನು ಹೆಕ್ಕಿ ಹೆಕ್ಕಿ ಒಳಗೆಳೆದುಕೊಳ್ಳುತ್ತವೆ. ದೇಹಕ್ಕೆ ದಿನವೊಂದಕ್ಕೆ ಬೇಕಾದ ಅಯೋಡಿನ್ ೧೫೦ ಮೈಕ್ರೊಗ್ರಾಂ. ಎಂದರೆ, ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿ ಅದರಲ್ಲಿ ಹದಿನೈದು ಪಾಲು! ಎಪ್ಪತ್ತು ವರ್ಷದ ಆಯುಸ್ಸಿಗೂ ನಾಲ್ಕು ಗ್ರಾಮಿನಷ್ಟು ಸಾಕು. ಆ ಅಯೋಡಿನ್ನನ್ನು ಒಂದು ಪ್ರೋಟೀನಿಗೆ ಪೋಣಿಸಿ ಹಾರ್ಮೋನನ್ನು ಸಿದ್ಧಪಡಿಸಿ, ಗೂಡಿನ ನಡುವಣ ರಸದಲ್ಲಿ ಕೂಡಿಡುತ್ತವೆ. ದಾಸೋಹದ ಉಗ್ರಾಣದಲ್ಲಿ ಮಳೆಗಾಲಕ್ಕೆಂದು ಧಾನ್ಯವನ್ನು ಕೂಡಿಡುವಂತೆ ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ದಾಸ್ತಾನು ಇಲ್ಲಿರುತ್ತದೆ. ದೇಹದ ಬೇರೆ ಯಾವ ನಿರ್ನಾಳ ಗ್ರಂಥಿಯೂ ತನ್ನ ಸರಕನ್ನು ಹೀಗೆ ಜೀವಕೋಶದ ಹೊರಗೆ ಇಷ್ಟು ಕಾಲ ಕಾಪಿಡುವುದಿಲ್ಲ.

ಹೊರಬರುವ ಹಾರ್ಮೋನಿನಲ್ಲಿ ಹೆಚ್ಚಿನ ಪಾಲು ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನ್. ವೈದ್ಯರು ಅದನ್ನು ಚಿಕ್ಕದಾಗಿ ಟಿ-೪ ಎನ್ನುತ್ತಾರೆ. ಯಕೃತ್ತು ಮೊದಲಾದ ಅಂಗಗಳಲ್ಲಿ ಅದರಿಂದ ಒಂದು ಪರಮಾಣು ಕಳಚಿದಾಗ ಟಿ-೩ ಆಗುತ್ತದೆ; ನಿಜವಾದ ಚಟುವಟಿಕೆ ಇದರದು. ಇದು ಜೀವಕೋಶದ ಕೇಂದ್ರವನ್ನೇ ಹೊಕ್ಕು, ಯಾವ ಯಾವ ಪ್ರೋಟೀನುಗಳನ್ನು ಎಷ್ಟೆಷ್ಟು ತಯಾರಿಸಬೇಕೆಂಬ ಅಪ್ಪಣೆಯನ್ನು ಬದಲಿಸುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಉರಿಸುವ ವೇಗ, ಮೈಯ ಬಿಸುಪು, ಹೃದಯದ ಬಡಿತ, ಕರುಳಿನ ಚಲನೆ, ಕೂದಲಿನ ಬೆಳವಣಿಗೆ, ಸ್ತ್ರೀಯರ ಮಾಸಿಕ ಕ್ರಮ, ಕಡೆಗೆ ಆಲೋಚನೆಯ ಚುರುಕು ಇವೆಲ್ಲವೂ ಅದಕ್ಕೆ ಅಧೀನ. ೧೯೧೨ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಈ ಗ್ರಂಥಿಯ ಚೂರುಗಳನ್ನು ಉಣಿಸಿದನು. ಅವು ದೊಡ್ಡವಾಗುವ ಮೊದಲೇ ಬಾಲವನ್ನು ಕಳೆದುಕೊಂಡು, ಕಾಲು ಮೂಡಿ, ಕುಬ್ಜ ಕಪ್ಪೆಗಳಾಗಿ ಮಾರ್ಪಟ್ಟವು! ಕೊಳದ ಗೊದಮೊಟ್ಟೆ ಕಾಲಕ್ಕೆ ಸರಿಯಾಗಿ ಕಪ್ಪೆಯಾಗುವುದೂ ಈ ರಸದ ಬಲದಿಂದಲೇ.

ಈ ಕಾರ್ಖಾನೆಗೆ ಮೇಲ್ವಿಚಾರಕರುಂಟು. ಮಿದುಳಿನ ಕೆಳಗೆ ತೂಗುವ ಪಿಟ್ಯುಟರಿ ಎಂಬ ಗ್ರಂಥಿಯು ಟಿ.ಎಸ್.ಎಚ್. ಎಂಬ ಚೋದಕವನ್ನು ಕಳುಹಿಸಿ ಥೈರಾಯ್ಡಿನಿಂದ ಕೆಲಸ ತೆಗೆಯುತ್ತದೆ. ರಕ್ತದಲ್ಲಿ ಹಾರ್ಮೋನು ಸಾಕಷ್ಟಿದ್ದರೆ ಚೋದಕವನ್ನು ತಗ್ಗಿಸುತ್ತದೆ, ಕಡಿಮೆಯಾದರೆ ಹೆಚ್ಚಿಸುತ್ತದೆ. ಭಕ್ತರು ತಪ್ಪು ತಿಳಿಯುವುದು ಇಲ್ಲಿಯೇ. ವರದಿಯಲ್ಲಿ ಟಿ.ಎಸ್.ಎಚ್. ಹೆಚ್ಚೆಂದು ಕಂಡೊಡನೆ "ಥೈರಾಯ್ಡ್ ಜಾಸ್ತಿಯಾಗಿದೆ" ಎಂದುಕೊಳ್ಳುತ್ತಾರೆ. ವಿಷಯ ತದ್ವಿರುದ್ಧ. ಆಳು ಕೆಲಸ ಮಾಡದಿದ್ದಾಗ ಪಾರುಪತ್ಯಗಾರನ ಕೂಗು ಏರುತ್ತದೆ. ಏರಿದುದು ಆ ಕೂಗು, ಕೆಲಸವಲ್ಲ.

ಗ್ರಂಥಿಯ ಬೆಲೆಯು ಜಗತ್ತಿಗೆ ತಿಳಿದುದು ಅದನ್ನು ಕಳೆದುಕೊಂಡವರಿಂದ. ಸ್ವಿಟ್ಜರ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಗಳಗಂಡವು ಅಂದು ಮನೆಮನೆಯ ವ್ಯಾಧಿಯಾಗಿದ್ದಿತು. ಉಬ್ಬಿದ ಗ್ರಂಥಿಯು ಉಸಿರನ್ನು ಕಟ್ಟಿ ಕೊಲ್ಲುವುದೂ ಉಂಟು. ಬರ್ನ್ ನಗರದ ಶಸ್ತ್ರವೈದ್ಯ ಥಿಯೊಡೊರ್ ಕೊಕರ್ ಅದನ್ನು ಪೂರ್ಣವಾಗಿ ತೆಗೆದುಹಾಕುವ ಕಲೆಯನ್ನು ಸಿದ್ಧಿಸಿಕೊಂಡನು. ೧೮೭೪ರಲ್ಲಿ ಅವನ ಬಳಿಗೆ ಬಂದ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗಾಯವು ಸೊಗಸಾಗಿ ಮಾಗಿತು. ಆದರೆ ಅವಳ ಬೆಳವಣಿಗೆ ನಿಂತಿತು. ಚೂಟಿಯಾಗಿದ್ದ ಹುಡುಗಿ ಮಂಕಾದಳು, ಮುಖ ಊದಿತು, ಮಾತು ನಿಧಾನವಾಯಿತು. ಅವಳ ತಂಗಿಯು ಅವಳನ್ನು ಮೀರಿ ಬೆಳೆದು ತರುಣಿಯಾದಳು. ಸಂಗತಿಯನ್ನು ಅರಿತ ಕೊಕರ್ ತನ್ನ ಹಳೆಯ ರೋಗಿಗಳನ್ನು ಮತ್ತೆ ಕರೆಸಿದನು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡು ಮರುಪರೀಕ್ಷೆಗೆ ಬಂದವರಲ್ಲಿ ಬಹುಪಾಲು ಜನರ ಪಾಡು ಅದೇ ಆಗಿದ್ದಿತು. ೧೮೮೩ರಲ್ಲಿ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅವನು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಗಳಗಂಡಕ್ಕಾಗಿ ಪೂರ್ಣ ಗ್ರಂಥಿಯನ್ನು ತೆಗೆಯುವ ಪದ್ಧತಿಯನ್ನು ಕೈಬಿಟ್ಟನು. ೧೯೦೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಪ್ರಥಮ ಶಸ್ತ್ರವೈದ್ಯನು ಇವನೇ.

ಕಳೆದುಕೊಂಡುದನ್ನು ಹಿಂದಿರುಗಿಸಬಹುದೆಂಬುದು ೧೮೯೧ರಲ್ಲಿ ತಿಳಿಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಗ್ರಂಥಿಯ ಸಾರವನ್ನು ೪೬ ವರ್ಷದ ಒಬ್ಬ ಹೆಂಗಸಿಗೆ ಚುಚ್ಚುಮದ್ದಾಗಿ ಕೊಟ್ಟನು. ಮಾತು, ನಡೆ, ನೆನಪು ಎಲ್ಲವೂ ಜಡವಾಗಿದ್ದ ಆಕೆ ಕೆಲವೇ ತಿಂಗಳುಗಳಲ್ಲಿ ಚೇತರಿಸಿಕೊಂಡು, ಮುಂದೆ ಅದೇ ಮದ್ದಿನ ಬಲದಿಂದ ೧೯೧೯ರವರೆಗೆ ಬದುಕಿದಳು. ಇದನ್ನು ಓದಿ ಸಸ್ಯಾಹಾರಿಗಳಾದ ತಾವು ಕಳವಳಪಡಬೇಕಾಗಿಲ್ಲ. ಥೈರಾಕ್ಸಿನ್ನನ್ನು ಕೃತಕವಾಗಿ ತಯಾರಿಸುವ ಬಗೆಯು ೧೯೨೭ರಲ್ಲಿಯೇ ಸಿದ್ಧಿಸಿತು. ಇಂದು ಅಂಗಡಿಯಲ್ಲಿ ದೊರೆಯುವ ಥೈರಾಕ್ಸಿನ್ ಗುಳಿಗೆಯ ಔಷಧವು ಕುರಿಯದಲ್ಲ, ರಸಾಯನಶಾಲೆಯದು.

ಇನ್ನು ನಮ್ಮ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಕಂಠವು ತೊಡರತೊಡಗಿತು. ಪ್ರವಚನದ ವೇಳೆ ಸ್ವರ ದಪ್ಪವಾಗುತ್ತಿದ್ದಿತು. ಚೈತ್ರದ ಬಿಸಿಲಿನಲ್ಲಿಯೂ ಶಾಲು ಬೇಕೆನಿಸುತ್ತಿದ್ದಿತು. ಮಾತು ಕಡಿಮೆಯಾಯಿತು, ಸಂಜೆ ಕುಳಿತಲ್ಲಿಯೇ ಕಣ್ಣು ಮುಚ್ಚುತ್ತಿದ್ದವು. ಭಕ್ತರು ಇದಕ್ಕೆ ಕೊಟ್ಟ ಅರ್ಥವೇ ಬೇರೆ. ಮುಖದ ಊತವನ್ನು ಕಂಡು "ಬುದ್ಧಿಯವರ ಮುಖದಲ್ಲಿ ಕಳೆ ಹೆಚ್ಚಿದೆ" ಎಂದರು. ಮೌನವನ್ನು ಕಂಡು "ಅಂತರ್ಮುಖರಾಗುತ್ತಿದ್ದಾರೆ" ಎಂದರು. ಒಂದು ದಿನ ದರ್ಶನಕ್ಕೆ ಬಂದ, ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ವೈದ್ಯರಾದವರೊಬ್ಬರು ಮಾತ್ರ ನಮ್ಮ ಧ್ವನಿಯನ್ನು ಕೇಳಿ ಹುಬ್ಬು ಗಂಟಿಕ್ಕಿದರು. ಅಪ್ಪಣೆ ಪಡೆದು ನಾಡಿ ನೋಡಿದರು, ಹಿಮ್ಮಡಿಯ ಮೇಲಿನ ನರವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಥಟ್ಟನೆ ಮರಳಬೇಕಾದ ಪಾದವು ಬಹು ನಿಧಾನವಾಗಿ ಮರಳಿತು. "ಬುದ್ಧಿ, ಇದು ಸಮಾಧಿಯಲ್ಲ, ಥೈರಾಯ್ಡ್" ಎಂದು ಮೆಲ್ಲಗೆ ಹೇಳಿದರು. ರಕ್ತಪರೀಕ್ಷೆಯೂ ಹಾಗೆಯೇ ಹೇಳಿತು.

ಅದೇ ಸುಮಾರಿಗೆ ಒಬ್ಬ ತಾಯಿ ತಮ್ಮ ಸೊಸೆಯನ್ನು ಕರೆದುಕೊಂಡು ಬಂದರು. ಸೊಸೆಗೆ ಎರಡನೆಯ ಹೆರಿಗೆಯಾಗಿ ವರ್ಷ ತುಂಬಿತ್ತು. ಹೊತ್ತು ಏರಿದರೂ ಏಳುವುದಿಲ್ಲ, ಕೊಟ್ಟಿಗೆಯ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಹೇಳಿದುದು ನೆನಪಿರುವುದಿಲ್ಲ, ಉಣ್ಣುವುದು ಕಡಿಮೆಯಾದರೂ ಮೈ ಮಾತ್ರ ಬೆಳೆಯುತ್ತಿದೆ ಎಂದು ಅತ್ತೆಯ ದೂರು. ವಿಭೂತಿ ಹಚ್ಚಿ ಬುದ್ಧಿಮಾತು ಹೇಳಬೇಕೆಂದು ಅವರ ಬಿನ್ನಹ. ಹುಡುಗಿ ತಲೆಯೆತ್ತಲಿಲ್ಲ. ಆಕೆಯ ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು, ತುಟಿ ಒಣಗಿತ್ತು. ನಮ್ಮ ಮೈಯಲ್ಲಿಯೇ ಕಂಡ ಲಕ್ಷಣಗಳಾದುದರಿಂದ ಗುರುತು ಹತ್ತಲು ತಡವಾಗಲಿಲ್ಲ. ವಿಭೂತಿಯನ್ನು ಹಚ್ಚಿ, ರಕ್ತಪರೀಕ್ಷೆಗೆ ಚೀಟಿ ಬರೆಸಿಕೊಟ್ಟೆವು. ಫಲಿತಾಂಶವನ್ನು ತಾವು ಊಹಿಸಬಲ್ಲಿರಿ. ಈಗ ಬೆಳಗಿನ ಗುಳಿಗೆಯನ್ನು ಅತ್ತೆಯೇ ನೆನಪಿಸಿ ಕೊಡುತ್ತಾರಂತೆ.

ಭಕ್ತಬಂಧುಗಳೆ, ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಿ. ವ್ಯಾಧಿ ಒಂದೇ, ಮಾಂದ್ಯ ಒಂದೇ. ಪೀಠದ ಮೇಲೆ ಕುಳಿತವರಲ್ಲಿ ಕಂಡಾಗ ಅದು ತಪಸ್ಸೆನಿಸಿತು; ಅಡುಗೆಮನೆಯಲ್ಲಿ ನಿಂತವಳಲ್ಲಿ ಕಂಡಾಗ ಸೋಮಾರಿತನವೆನಿಸಿತು. ಹೊಗಳಿಕೆಯೂ ಸುಳ್ಳು, ನಿಂದೆಯೂ ಸುಳ್ಳು. ಆದರೆ ಹೊಗಳಿಕೆಯಿಂದ ನಮಗೆ ನೋವಾಗಲಿಲ್ಲ. ಆ ಹೆಣ್ಣುಮಗಳು ಒಂದು ವರ್ಷ ಕಣ್ಣೀರಿನಲ್ಲಿ ಕೈ ತೊಳೆದಳು. ಈ ವ್ಯಾಧಿಯು ಪುರುಷರಿಗಿಂತ ಸ್ತ್ರೀಯರಲ್ಲಿ ಅನೇಕ ಪಟ್ಟು ಹೆಚ್ಚು. ಕಾಯಕದ ಹೆಸರಿನಲ್ಲಿ ತೀರ್ಪು ಕೊಡುವ ಮೊದಲು ಮೂರು ಹನಿ ರಕ್ತವನ್ನು ಪರೀಕ್ಷಿಸಲು ಏನು ಅಡ್ಡಿ? ಎಲ್ಲ ಆಯಾಸಕ್ಕೂ ಈ ಗ್ರಂಥಿಯೇ ಕಾರಣವಲ್ಲ. ರಕ್ತಹೀನತೆಯಿರಬಹುದು, ಸಕ್ಕರೆ ರೋಗವಿರಬಹುದು, ಮನಸ್ಸಿನ ದುಃಖವಿರಬಹುದು. ನಿಜವಾದ ಸೋಮಾರಿಗಳೂ ಲೋಕದಲ್ಲಿದ್ದಾರೆ. ಅವರು ಈ ಲೇಖನವನ್ನು ಓದಿ ಹಿಗ್ಗಬೇಕಾಗಿಲ್ಲ.

ಗ್ರಂಥಿಯು ಕೆಡುವುದು ಏಕೆ? ಇಂದು ಪೇಟೆಗಳಲ್ಲಿ ಹೆಚ್ಚಾಗಿ ಕಾಣುವ ಕಾರಣವನ್ನು ೧೯೧೨ರಲ್ಲಿ ಹಶಿಮೊಟೊ ಎಂಬ ಜಪಾನೀ ವೈದ್ಯನು ವರ್ಣಿಸಿದ ವ್ಯಾಧಿಯಲ್ಲಿ ಕಾಣಬಹುದು. ರೋಗಾಣುಗಳೊಡನೆ ಹೋರಾಡಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ಗ್ರಂಥಿಯ ಮೇಲೆ ಎರಗುತ್ತದೆ. ಇದೇ ದಾರಿತಪ್ಪಿದ ಶಕ್ತಿಯು ಕೆಲವರಲ್ಲಿ ಗ್ರಂಥಿಯನ್ನು ಅತಿಯಾಗಿ ಕೆರಳಿಸುವುದೂ ಉಂಟು. ಆಗ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಂಡರೂ ಮೈ ಕರಗುತ್ತದೆ, ಕಣ್ಣುಗುಡ್ಡೆಗಳು ಮುಂದೆ ಬರುತ್ತವೆ. ಅದಕ್ಕೆ ಚಿಕಿತ್ಸೆಯೇ ಬೇರೆ. ನೆರೆಮನೆಯವರ ಗುಳಿಗೆಯನ್ನು ಎರವಲು ತಂದು ನುಂಗುವವರಿಗೆ ಅಪಾಯ ತಪ್ಪಿದ್ದಲ್ಲ.

ಹಳೆಯ ಕಾರಣವಾದ ಅಯೋಡಿನ್ ಕೊರತೆಯ ಕಥೆಯನ್ನು ಹೇಳಲೇಬೇಕು. ಹಿಮಾಲಯದ ಮಳೆಯೂ ಹಿಮವೂ ಯುಗಯುಗಗಳಿಂದ ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ದಿವೆ. ಅಲ್ಲಿಯ ಕಾಂಗ್ರಾ ಕಣಿವೆಯಲ್ಲಿ ೧೯೫೬ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಒಂದು ಪ್ರಯೋಗವನ್ನಾರಂಭಿಸಿದರು. ಕಣಿವೆಯ ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಮತ್ತೊಂದು ಭಾಗಕ್ಕೆ ಮಾಮೂಲು ಉಪ್ಪು. ಕೆಲವು ವರ್ಷಗಳಲ್ಲಿಯೇ ಅಯೋಡಿನ್ ಉಪ್ಪು ಉಂಡ ಕಡೆ ಮಕ್ಕಳ ಗಳಗಂಡವು ಗಣನೀಯವಾಗಿ ಇಳಿಯಿತು. ೧೯೬೨ರಲ್ಲಿ ಭಾರತ ಸರಕಾರವು ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. ಅಯೋಡಿನ್ ಇಲ್ಲದ ಉಪ್ಪನ್ನು ಉಣ್ಣುವುದಕ್ಕಾಗಿ ಮಾರುವುದನ್ನು ದೇಶದಾದ್ಯಂತ ನಿಷೇಧಿಸಿದ ನಿಯಮವು ನಡುವೆ ಒಮ್ಮೆ ಸಡಿಲಗೊಂಡು, ೨೦೦೬ರಲ್ಲಿ ಮತ್ತೆ ಜಾರಿಗೆ ಬಂದಿತು. ನಮ್ಮ ಸಮಾಜಕ್ಕೆ ಈ ಉಪ್ಪಿನ ಅಗತ್ಯವು ಉಳಿದವರಿಗಿಂತ ಹೆಚ್ಚು. ಅಯೋಡಿನ್ ಹೇರಳವಾಗಿರುವ ಕಡಲ ಮೀನನ್ನು ನಾವು ಉಣ್ಣುವವರಲ್ಲ. ಹಾಲು ಮತ್ತು ಉಪ್ಪು, ಇವೆರಡೇ ನಮ್ಮ ಆಸರೆ. ಇತ್ತೀಚೆಗೆ ಕೆಲವು ಮನೆಗಳಲ್ಲಿ, ಶುದ್ಧವೆಂಬ ಭಾವನೆಯಿಂದ, ವರ್ಷವಿಡೀ ಸೈಂಧವ ಲವಣವನ್ನೇ ಬಳಸುವ ಚಾಳಿ ಹಬ್ಬಿದೆ. ವ್ರತದ ದಿನ ಅದು ಇರಲಿ. ನಿತ್ಯದ ಸಾರಿಗೆ ಅಯೋಡಿನ್ ಬೆರೆತ ಉಪ್ಪೇ ಆಗಬೇಕು. ಅದನ್ನು ಮುಚ್ಚಳವಿರುವ ಪಾತ್ರೆಯಲ್ಲಿಟ್ಟು, ಅಡುಗೆ ಇಳಿಸುವ ಹೊತ್ತಿಗೆ ಹಾಕುವುದು ಮೇಲು. ಕುದಿಯುವಾಗ ಸ್ವಲ್ಪ ಅಯೋಡಿನ್ ಹಾರಿಹೋಗುತ್ತದೆ.

ಗುಳಿಗೆಯ ವಿಷಯದಲ್ಲಿ ಭಕ್ತರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಅದನ್ನು ಬರಿಹೊಟ್ಟೆಯಲ್ಲಿ ನುಂಗಬೇಕೆಂದು ವೈದ್ಯರು ಹೇಳುತ್ತಾರೆ. ಲಿಂಗಪೂಜೆಗೆ ಮೊದಲು ನೀರನ್ನೂ ಮುಟ್ಟದಿರುವುದು ಮನೆತನದ ಆಚಾರ. ಈ ಗೊಂದಲದಲ್ಲಿ ಗುಳಿಗೆಯನ್ನೇ ಬಿಟ್ಟವರಿದ್ದಾರೆ. ಇಲ್ಲಿ ವಿರೋಧವೆಲ್ಲಿದೆ? ಪೂಜೆಯನ್ನು ಮುಗಿಸಿ, ಗುಳಿಗೆಯನ್ನು ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಸ್ವೀಕರಿಸಿರಿ. ನಾವೂ ಹಾಗೆಯೇ ಮಾಡುತ್ತೇವೆ. ಆದರೆ ಅದನ್ನು ಪಂಚಾಮೃತದ ತೀರ್ಥದೊಡನೆ ತೆಗೆದುಕೊಳ್ಳಬಾರದು; ಹಾಲಿನಲ್ಲಿರುವ ಕ್ಯಾಲ್ಸಿಯಂ ಗುಳಿಗೆಯನ್ನು ಮೈಗೂಡಗೊಡದು. ಬರಿಯ ನೀರು ಸಾಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಗುಳಿಗೆ ನುಂಗುವವರು ನಾಲ್ಕು ಗಂಟೆಯ ಅಂತರವಿಡಬೇಕು. ಬೆಳಗಿನಲ್ಲಿ ಆಗದವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಶಿವರಾತ್ರಿಯ ಉಪವಾಸಕ್ಕೂ ಇದಕ್ಕೂ ವಿರೋಧವಿಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ ಒಂದು ದಿನ ಮರೆತರೆ ಪ್ರಮಾದವೇನೂ ಆಗದು. ಶ್ರಾವಣದ ತಿಂಗಳಿಡೀ ವ್ರತವೆಂದು ಬಿಟ್ಟರೆ ಮಾತ್ರ ವ್ಯಾಧಿಯು ಮೊದಲಿದ್ದಲ್ಲಿಗೆ ಮರಳುತ್ತದೆ. ಮೈ ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸುವುದೂ ಸಲ್ಲದು, ಹಗುರವಾದುದು ಗುಳಿಗೆಯಿಂದಲ್ಲವೆ?

ಬಸುರಿಯರ ವಿಷಯ ಇನ್ನೂ ಗುರುತರವಾದುದು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಸ್ವಂತ ಗ್ರಂಥಿಯ ಬಲವಿರುವುದಿಲ್ಲ. ಅದರ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿ ಬೆಳೆಯುತ್ತದೆ. ಗುಳಿಗೆ ನುಂಗುವ ಹೆಣ್ಣುಮಗಳು ಬಸುರಿಯಾದೊಡನೆ ವೈದ್ಯರಿಗೆ ತಿಳಿಸಬೇಕು. ಬಹುತೇಕ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆಯೇ ಹೊರತು ಮಗುವಿಗೆ ತಗಲೀತೆಂದು ಬಿಡಬೇಕಾಗಿಲ್ಲ. ಕೆಲವು ಶಿಶುಗಳು ಗ್ರಂಥಿಯೇ ಇಲ್ಲದೆ, ಅಥವಾ ಅದು ಅರೆಬೆಳೆದು, ಹುಟ್ಟುತ್ತವೆ. ತಾಯಿಯ ಹಾರ್ಮೋನಿನ ಶೇಷವಿರುವುದರಿಂದ ಹುಟ್ಟಿದಾಗ ಏನೂ ಕಾಣುವುದಿಲ್ಲ. ವಾರಗಳು ಕಳೆದಂತೆ ಮಗು ಹೆಚ್ಚು ನಿದ್ರಿಸುತ್ತದೆ, ಅಳುವುದು ಕಡಿಮೆ, ಹಾಲು ಕುಡಿಯಲು ತಡ, ಕಾಮಾಲೆ ಬೇಗ ಇಳಿಯದು. ಮನೆಯವರು "ಎಷ್ಟು ಸಾಧು ಮಗು" ಎಂದು ಮುದ್ದಾಡುತ್ತಾರೆ. ಅಷ್ಟರಲ್ಲಿ ಮಿದುಳಿಗೆ ಹಾನಿಯಾಗಿರುತ್ತದೆ. ಅದನ್ನು ಆಮೇಲೆ ಸರಿಪಡಿಸಲಾಗದು. ಹುಟ್ಟಿದ ಎರಡು ವಾರಗಳೊಳಗೆ ಔಷಧ ಆರಂಭವಾದರೆ ಆ ಮಗು ಉಳಿದ ಮಕ್ಕಳಂತೆಯೇ ಓದಿ ಬೆಳೆಯಬಲ್ಲುದು. ಮೂರನೆಯ ಅಥವಾ ನಾಲ್ಕನೆಯ ದಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಇದನ್ನು ಕಂಡುಹಿಡಿಯಬಹುದು. ಕೆನಡಾ ದೇಶದ ಕ್ವೆಬೆಕ್ಕಿನಲ್ಲಿ ೧೯೭೦ರ ದಶಕದಲ್ಲಿ ಆರಂಭವಾದ ಈ ಪರೀಕ್ಷೆಯು ಈಗ ಅನೇಕ ದೇಶಗಳಲ್ಲಿ ಪ್ರತಿಯೊಂದು ಶಿಶುವಿಗೂ ನಡೆಯುತ್ತದೆ. ನಮ್ಮ ದೇಶದಲ್ಲಿ ಎಲ್ಲ ಆಸ್ಪತ್ರೆಗಳಲ್ಲಿಯೂ ತಾನಾಗಿ ನಡೆಯುವುದಿಲ್ಲ; ಕೇಳಿ ಮಾಡಿಸಿಕೊಳ್ಳಬೇಕು.

ಹಸುಗೂಸನ್ನು ಲಿಂಗಧಾರಣೆಗೆಂದು ಮಠಕ್ಕೆ ಕರೆತರುವ ತಂದೆತಾಯಿಗಳನ್ನು ಈಗ ನಾವು ಮೊದಲು ಕೇಳುವುದು "ಹಿಮ್ಮಡಿಯ ರಕ್ತಪರೀಕ್ಷೆ ಆಯಿತೆ?" ಎಂಬುದನ್ನು. ಕೆಲವರು ನಗುತ್ತಾರೆ, ಕೆಲವರು ಚೀಲದಿಂದ ಕಾಗದವನ್ನು ತೆಗೆದು ತೋರಿಸುತ್ತಾರೆ. ಆಗಿಲ್ಲವೆಂದವರಿಗೆ ಧಾರಣೆಯನ್ನು ಪೂರೈಸಿ, ಪ್ರಸಾದವಾದ ಮೇಲೆ ಊರಿಗೆ ಹೋಗುವ ಬಸ್ಸನ್ನು ಹತ್ತದೆ ನೇರವಾಗಿ ಆಸ್ಪತ್ರೆಗೆ ಹೋಗುವಂತೆ ಹೇಳಿ, ಜೊತೆಗೆ ಮಠದ ಒಬ್ಬ ವಿದ್ಯಾರ್ಥಿಯನ್ನು ಕಳುಹಿಸಿಕೊಡುತ್ತೇವೆ.